ಮೆಡಿಟರೇನಿಯನ್ ಹೋಟೆಲಿನ ಮೆನುವನ್ನು ಓದುವ ಬಗೆ

ಅಮೆರಿಕದ ಮಧ್ಯಮ ಗಾತ್ರದ ಯಾವುದೇ ಊರಿಗೆ ಹೋದರೂ ಈಗ ‘ಮೆಡಿಟರೇನಿಯನ್ ಗ್ರಿಲ್’ ಎಂದೋ ‘ಮೆಡಿಟರೇನಿಯನ್ ಕಿಚನ್’ ಎಂದೋ ಫಲಕ ಹಾಕಿಕೊಂಡ ಹೋಟೆಲೊಂದು ಕಣ್ಣಿಗೆ ಬೀಳುತ್ತದೆ. ಪಿಜ್ಜಾ, ಬರಿಟೋಗಳ ಆಚೆಗೆ ಸಸ್ಯಾಹಾರಿಗಳು ಹೊಟ್ಟೆ ತುಂಬ ಉಣ್ಣಬಹುದಾದ ಜಾಗವೆಂಬ ಕಾರಣಕ್ಕೆ ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿಯೂ ಇಂಥ ಹೋಟೆಲು ಬೇಗ ಮೆಚ್ಚುಗೆ ಗಳಿಸುತ್ತದೆ. ಆದರೆ ಅಲ್ಲಿನ ಮೆನುವನ್ನು ಮೊದಲ ಸಲ ಕೈಗೆತ್ತಿಕೊಂಡವರಿಗೆ ತಬ್ಬಿಬ್ಬಾಗುವುದು ಸಹಜ. ಗ್ರೀಸಿನ ಯೀರೋ, ಲೆಬನಾನಿನ ತಬ್ಬೂಲೆ, ಟರ್ಕಿಯ ಡೋನರ್, ಈಜಿಪ್ಟಿನ ಮೂಲದ ಫಲಾಫೆಲ್, ಸೈಪ್ರಸ್ಸಿನ ಹಲ್ಲೂಮಿ, ಎಲ್ಲವೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಕುಳಿತಿರುತ್ತವೆ. ಕೆಲವು ಕಡೆ ಇವುಗಳ ನಡುವೆ ಚಿಕನ್ ಬಿರಿಯಾನಿಯೂ ಇರುತ್ತದೆ. ಇದು ಒಂದು ಅಡುಗೆ ಪದ್ಧತಿಯೋ, ಹಲವು ಪದ್ಧತಿಗಳ ಸಂತೆಯೋ ಎಂಬುದು ಬಿಡಿಸಿಕೊಳ್ಳಬೇಕಾದ ಮೊದಲ ಗಂಟು.

ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ 20ಕ್ಕೂ ಹೆಚ್ಚು ದೇಶಗಳಿವೆ. ಸ್ಪೇನ್, ದಕ್ಷಿಣ ಫ್ರಾನ್ಸ್, ಇಟಲಿ, ಕ್ರೊಯೇಷಿಯಾ, ಮೊರಾಕ್ಕೊ, ಟ್ಯುನೀಷಿಯಾ ಎಲ್ಲವೂ ಆ ಸಮುದ್ರದ ನೀರನ್ನೇ ಮುಟ್ಟಿಕೊಂಡಿದ್ದರೂ ನಮ್ಮ ಬೀದಿಯ ಮೆಡಿಟರೇನಿಯನ್ ಹೋಟೆಲಿನಲ್ಲಿ ಸ್ಪೇನಿನ ಪಯೇಯಾ ಸಿಗುವುದಿಲ್ಲ, ಮೊರಾಕ್ಕೊದ ತಾಜೀನ್ ಅಪರೂಪ, ಇಟಲಿಗಂತೂ ಬೇರೆಯದೇ ಹೋಟೆಲುಗಳಿವೆ. ಅಲ್ಲಿ ಸಿಗುವುದು ಬಹುಪಾಲು ಆ ಸಮುದ್ರದ ಪೂರ್ವದ ಮೂಲೆಯ ಊಟ: ಸಿರಿಯಾ, ಲೆಬನಾನ್, ಪ್ಯಾಲೆಸ್ಟೈನ್, ಜೋರ್ಡಾನ್‌ಗಳನ್ನು ಒಳಗೊಂಡ ಲೆವಾಂಟ್ ಪ್ರದೇಶದ್ದು, ಜೊತೆಗೆ ಟರ್ಕಿ ಮತ್ತು ಗ್ರೀಸಿನದು. ಇವುಗಳನ್ನು ಒಟ್ಟಿಗೆ ಕಟ್ಟಿರುವುದು ಸಮುದ್ರಕ್ಕಿಂತ ಹೆಚ್ಚಾಗಿ ಒಂದು ಸಾಮ್ರಾಜ್ಯ. ಆಟೊಮನ್ ತುರ್ಕರು ಸಿರಿಯಾ ಪ್ರಾಂತವನ್ನು 1516ರಲ್ಲಿ ಗೆದ್ದುಕೊಂಡು ಮೊದಲ ಮಹಾಯುದ್ಧ ಮುಗಿಯುವವರೆಗೆ, ಅಂದರೆ ಸುಮಾರು 400 ವರ್ಷಗಳ ಕಾಲ, ಆಳಿದರು. ಗ್ರೀಸಿನ ಬಹುಭಾಗ ಅದಕ್ಕೂ ಮೊದಲೇ ಅವರ ಕೈ ಸೇರಿ 19ನೇ ಶತಮಾನದಿಂದ 20ನೇ ಶತಮಾನದ ಆರಂಭದವರೆಗೆ ಹಂತಹಂತವಾಗಿ ಹೊರಬಂದಿತು. ಇಸ್ತಾಂಬುಲ್, ಅಲೆಪ್ಪೊ, ಬೈರೂತ್, ಥೆಸಲೊನೀಕಿ ನಗರಗಳ ನಡುವೆ ಅಧಿಕಾರಿಗಳೂ ವರ್ತಕರೂ ಸೈನಿಕರೂ ಬಾಣಸಿಗರೂ ಓಡಾಡುತ್ತಲೇ ಇದ್ದುದರಿಂದ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತುವ ಕ್ರಮ, ಮಾಂಸವನ್ನು ಕಂಬಿಗೆ ಪೋಣಿಸಿ ಕೆಂಡದಲ್ಲಿ ಸುಡುವ ಕ್ರಮ, ತೆಳು ಹಾಳೆಯ ಹಿಟ್ಟಿನ ನಡುವೆ ಬೀಜಗಳನ್ನು ಹರಡಿ ಸಕ್ಕರೆ ಪಾಕ ಸುರಿಯುವ ಕ್ರಮ ಈ ಎಲ್ಲ ನಾಡುಗಳಲ್ಲಿಯೂ ಹರಡಿಕೊಂಡಿತು. ಇಂದು ಬಕ್ಲಾವಾ ತಮ್ಮದೆಂದು ಮೂರು ನಾಲ್ಕು ದೇಶಗಳು ವಾದಿಸುವುದರ ಹಿಂದೆ ಈ ಹಂಚಿಕೆಯ ಇತಿಹಾಸವಿದೆ.

ಈ ಅಡುಗೆ ಅಮೆರಿಕಕ್ಕೆ ಬಂದದ್ದು ಆಟೊಮನ್ ಸಿರಿಯಾದಿಂದ 1880ರ ದಶಕದ ನಂತರ ಹಡಗು ಹತ್ತಿದ ವಲಸಿಗರ ಜೊತೆಗೆ. ಅವರಲ್ಲಿ ಹೆಚ್ಚಿನವರು ಇಂದಿನ ಲೆಬನಾನ್ ಮತ್ತು ಸಿರಿಯಾದ ಕ್ರೈಸ್ತರು. ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ತುದಿಯ ವಾಷಿಂಗ್ಟನ್ ಸ್ಟ್ರೀಟ್ ಸುತ್ತಮುತ್ತ ಅವರು ಕಟ್ಟಿಕೊಂಡ ಬಡಾವಣೆಗೆ ‘ಲಿಟಲ್ ಸಿರಿಯಾ’ ಎಂಬ ಹೆಸರೇ ಬಿದ್ದಿತ್ತು. 1940ರ ದಶಕದಲ್ಲಿ ಬ್ರೂಕ್ಲಿನ್–ಬ್ಯಾಟರಿ ಸುರಂಗ ಮಾರ್ಗದ ಕಾಮಗಾರಿಗೆ ಆ ಬಡಾವಣೆಯ ಹೆಚ್ಚಿನ ಕಟ್ಟಡಗಳು ನೆಲಸಮವಾದಾಗ ಅಂಗಡಿಗಳು ನದಿ ದಾಟಿ ಬ್ರೂಕ್ಲಿನ್‌ನ ಅಟ್ಲಾಂಟಿಕ್ ಅವೆನ್ಯೂ ಸೇರಿದವು. ಅಲ್ಲಿ 1948ರಲ್ಲಿ ತೆರೆದ ಸಹಾದಿ ಮಳಿಗೆಯಲ್ಲಿ ಇಂದಿಗೂ ಆಲಿವ್, ಬೇಳೆಕಾಳು, ಒಣಹಣ್ಣುಗಳನ್ನು ತೂಗಿ ಕೊಡುತ್ತಾರೆ. ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ಗೆ ಫೋರ್ಡ್ ಕಾರಿನ ಕಾರ್ಖಾನೆಯ ಕೂಲಿ ಅರಬ್ಬರನ್ನು ಎಳೆದು ತಂದಿತು. 1965ರಲ್ಲಿ ಅಮೆರಿಕದ ವಲಸೆ ಕಾನೂನು ಸಡಿಲವಾದ ಮೇಲೆ, ಅನಂತರ 1975ರಿಂದ 1990ರವರೆಗೆ ನಡೆದ ಲೆಬನಾನಿನ ಅಂತರ್ಯುದ್ಧದ ಕಾಲದಲ್ಲಿ, ಬಂದವರ ಸಂಖ್ಯೆ ಇನ್ನೂ ಏರಿತು. ನ್ಯೂಜೆರ್ಸಿಯ ಪ್ಯಾಟರ್ಸನ್ ನಗರದ ಮೇನ್ ಸ್ಟ್ರೀಟ್‌ನಲ್ಲಿ ಇಂದು ಪ್ಯಾಲೆಸ್ಟೈನ್, ಸಿರಿಯಾ, ಟರ್ಕಿ ಮೂಲದವರ ಹೋಟೆಲು ಮತ್ತು ಬೇಕರಿಗಳು ಒಂದರ ಪಕ್ಕ ಒಂದಿವೆ.

ಹಾಗಿದ್ದ ಮೇಲೆ ‘ಸಿರಿಯನ್ ಹೋಟೆಲು’ ಎಂದೋ ‘ಪ್ಯಾಲೆಸ್ಟೀನಿಯನ್ ಹೋಟೆಲು’ ಎಂದೋ ಬರೆಸದೆ ‘ಮೆಡಿಟರೇನಿಯನ್’ ಎಂದೇಕೆ ಬರೆಸುತ್ತಾರೆ? ನನಗೆ ತೋರುವಂತೆ ಇದರಲ್ಲಿ ವ್ಯಾಪಾರದ ಲೆಕ್ಕ ಎರಡಿದೆ. ಮೊದಲನೆಯದು, ಮಧ್ಯಪ್ರಾಚ್ಯ ಎಂದೊಡನೆ ಅಮೆರಿಕದ ಗಿರಾಕಿಗೆ ಯುದ್ಧದ ಸುದ್ದಿ ನೆನಪಾಗುತ್ತದೆ, ಮೆಡಿಟರೇನಿಯನ್ ಎಂದರೆ ನೀಲಿ ಸಮುದ್ರ ನೆನಪಾಗುತ್ತದೆ. ಎರಡನೆಯದು ಆರೋಗ್ಯದ ಹೆಸರು. ಅಮೆರಿಕದ ಶರೀರವಿಜ್ಞಾನಿ ಆ್ಯನ್ಸೆಲ್ ಕೀಸ್ 1958ರಲ್ಲಿ ಆರಂಭಿಸಿದ ಏಳು ದೇಶಗಳ ಅಧ್ಯಯನವು ಗ್ರೀಸಿನ ಕ್ರೀಟ್ ದ್ವೀಪ ಮೊದಲಾದ ಕಡೆಗಳಲ್ಲಿ ಹೃದ್ರೋಗ ಕಡಿಮೆ ಇರುವುದನ್ನು ಅಲ್ಲಿನ ಊಟದ ಜೊತೆಗೆ ಹೊಂದಿಸಿ ನೋಡಿತು. 1993ರಲ್ಲಿ ಓಲ್ಡ್‌ವೇಸ್ ಎಂಬ ಸಂಸ್ಥೆಯೂ ಹಾರ್ವರ್ಡ್‌ನ ಸಾರ್ವಜನಿಕ ಆರೋಗ್ಯ ಶಾಲೆಯೂ ಸೇರಿ ಮೆಡಿಟರೇನಿಯನ್ ಆಹಾರದ ಪಿರಮಿಡ್ ಚಿತ್ರವನ್ನು ಪ್ರಕಟಿಸಿದವು. 2010ರಲ್ಲಿ ಯುನೆಸ್ಕೊ ಈ ಆಹಾರ ಕ್ರಮವನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಹೊತ್ತಿಗೆ ‘ಮೆಡಿಟರೇನಿಯನ್’ ಎಂದರೆ ಹೃದಯಕ್ಕೆ ಒಳ್ಳೆಯದು ಎಂಬ ಭಾವನೆ ಜನರಲ್ಲಿ ಬೇರೂರಿತ್ತು. ಆದರೆ ವೈದ್ಯರು ಹೇಳುವ ಆಹಾರ ಕ್ರಮವೆಂದರೆ ದಿನವೂ ತರಕಾರಿ, ಕಾಳು, ಇಡೀ ಧಾನ್ಯ, ಆಲಿವ್ ಎಣ್ಣೆ, ಅಷ್ಟಿಷ್ಟು ಮೀನು, ಅಪರೂಪಕ್ಕೆ ಕೆಂಪು ಮಾಂಸ. ಅಮೆರಿಕದ ಹೋಟೆಲಿನ ‘ಮಿಕ್ಸ್ಡ್ ಗ್ರಿಲ್’ ತಟ್ಟೆಯಲ್ಲಿ ರಾಶಿ ಮಾಂಸ, ರಾಶಿ ಬಿಳಿ ಅನ್ನ, ಪಕ್ಕದಲ್ಲಿ ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ಇರುತ್ತದೆ. ಆರೋಗ್ಯದ ಮಾತಿಗೂ ಆ ತಟ್ಟೆಗೂ ಸಂಬಂಧ ಬಹಳ ತೆಳುವಾದುದು.

ಸಂಬಂಧ ಗಟ್ಟಿಯಾಗಿರುವುದು ಮೆನುವಿನ ಮೊದಲ ಪುಟದಲ್ಲಿ, ‘ಮೆಝೆ’ ಎಂಬ ತಲೆಬರಹದ ಕೆಳಗೆ. ಅಮೆರಿಕದ ಪದ್ಧತಿಯಂತೆ ಇದನ್ನು ‘ಅಪೆಟೈಸರ್’ ಪಟ್ಟಿಗೆ ಸೇರಿಸಿರುವುದರಿಂದ ಮುಖ್ಯ ಊಟಕ್ಕೆ ಮುಂಚೆ ಬಾಯಾಡಿಸುವ ಪದಾರ್ಥಗಳೆಂದು ತಿಳಿದು ಹೆಚ್ಚಿನವರು ಒಂದೇ ಒಂದು ಹಮ್ಮಸ್ ತರಿಸಿ ಮುಂದಿನ ಪುಟಕ್ಕೆ ಹೋಗಿಬಿಡುತ್ತಾರೆ. ಲೆಬನಾನಿನಲ್ಲಿ ಮೆಝೆಯೇ ಒಂದು ಪೂರ್ಣ ಊಟ. ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಹತ್ತು ಹದಿನೈದು ಬಗೆಯ ತಿನಿಸು ಮೇಜಿನ ತುಂಬ ಹರಡಿಕೊಳ್ಳುತ್ತದೆ, ಸುತ್ತ ಕುಳಿತವರೆಲ್ಲ ರೊಟ್ಟಿಯ ತುಂಡಿನಿಂದ ಅದರಿಂದಿಷ್ಟು ಇದರಿಂದಿಷ್ಟು ಎತ್ತಿ ತಿನ್ನುತ್ತ ಗಂಟೆಗಟ್ಟಲೆ ಮಾತಾಡುತ್ತಾರೆ. ನಾಲ್ಕು ಜನ ಹೋದಾಗ ನಾಲ್ಕು ದೊಡ್ಡ ತಟ್ಟೆ ತರಿಸುವುದಕ್ಕಿಂತ ಆರೇಳು ಮೆಝೆ, ಒಂದು ದೊಡ್ಡ ತಟ್ಟೆ ಮತ್ತು ಬೇಕಾದಷ್ಟು ರೊಟ್ಟಿ ತರಿಸಿಕೊಂಡರೆ ಊಟವೂ ಚೆನ್ನ, ಬಿಲ್ಲೂ ಹಗುರ.

ಮೆಝೆಯಲ್ಲಿ ಮೊದಲ ಮರ್ಯಾದೆ ಹಮ್ಮಸ್‌ಗೆ. ಬೇಯಿಸಿದ ಕಾಬೂಲಿ ಕಡಲೆ, ಎಳ್ಳಿನ ಪೇಸ್ಟ್ ಆದ ತಹೀನಿ, ನಿಂಬೆರಸ, ಬೆಳ್ಳುಳ್ಳಿ, ಉಪ್ಪು, ಇಷ್ಟೇ ಅದರ ಸಾಮಗ್ರಿ. ಇಷ್ಟು ಸರಳವಾಗಿರುವುದರಿಂದಲೇ ಹೋಟೆಲಿನ ಶ್ರದ್ಧೆಯನ್ನು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ತಿನಿಸಿಲ್ಲ. ಒಣ ಕಡಲೆಯನ್ನು ರಾತ್ರಿ ನೆನೆಹಾಕಿ, ಚಿಟಿಕೆ ಅಡುಗೆ ಸೋಡಾ ಹಾಕಿ, ಬೆರಳಲ್ಲಿ ಒತ್ತಿದರೆ ನುಚ್ಚಾಗುವಷ್ಟು ಬೇಯಿಸಬೇಕು. ಸೋಡಾದ ಕ್ಷಾರಗುಣದಿಂದ ಕಾಳಿನ ಸಿಪ್ಪೆಯಲ್ಲಿರುವ ಪೆಕ್ಟಿನ್ ಬೇಗ ಕರಗುವುದರಿಂದ ರುಬ್ಬಿದಾಗ ತರಿ ಉಳಿಯುವುದಿಲ್ಲ. ಡಬ್ಬಿಯ ಕಡಲೆಯನ್ನು ತೆಗೆದು ಹಾಗೆಯೇ ಮಿಕ್ಸಿಗೆ ಹಾಕಿದರೆ ನಾಲಿಗೆಗೆ ಮರಳಿನಂತೆ ಸಿಗುವ ಹಮ್ಮಸ್ ತಯಾರಾಗುತ್ತದೆ.

ತಹೀನಿಯ ನಡತೆ ಇನ್ನೂ ವಿಚಿತ್ರವಾದದ್ದು. ಅದು ಎಳ್ಳಿನ ಎಣ್ಣೆಯಲ್ಲಿ ಎಳ್ಳಿನ ಪುಡಿ ತೇಲುತ್ತಿರುವ ದ್ರವ. ಅದಕ್ಕೆ ಸ್ವಲ್ಪ ನೀರೋ ನಿಂಬೆರಸವೋ ಬಿದ್ದ ಕೂಡಲೇ ತೆಳುವಾಗುವ ಬದಲು ಹೆಪ್ಪುಗಟ್ಟಿದಂತೆ ಗಟ್ಟಿಯಾಗಿಬಿಡುತ್ತದೆ, ಏಕೆಂದರೆ ಎಳ್ಳಿನಲ್ಲಿರುವ ಪ್ರೋಟೀನ್ ಮತ್ತು ಪಿಷ್ಟದಂಥ ಕಣಗಳು ಆ ನೀರನ್ನು ಹೀರಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೆದರದೆ ನೀರು ಹಾಕುತ್ತ ಕಲಸುತ್ತ ಹೋದರೆ ಒಂದು ಹಂತದಲ್ಲಿ ಎಲ್ಲವೂ ತಿರುವುಮುರುವಾಗಿ, ಎಣ್ಣೆ ಸಣ್ಣ ಹನಿಗಳಾಗಿ ನೀರಿನಲ್ಲಿ ಬೆರೆತು, ಕಂದು ಬಣ್ಣದ ಪೇಸ್ಟ್ ಬೆಳ್ಳಗೆ ಹಗುರಾಗುತ್ತದೆ. ಒಳ್ಳೆಯ ಹಮ್ಮಸ್ ಬೆಣ್ಣೆಯಷ್ಟು ಬಿಳುಪಾಗಿರುವುದು ಈ ಕಾರಣದಿಂದ, ಅದಕ್ಕೆ ಮೊಸರೋ ಕೆನೆಯೋ ಸೇರಿಲ್ಲ. ನಾನು ಹೆಚ್ಚಾಗಿ ಹೋಗುವ ನಮ್ಮ ಬಡಾವಣೆಯ ಹೋಟೆಲಿನಲ್ಲಿ ಅದನ್ನು ಬೆಚ್ಚಗೆ ಬಡಿಸುತ್ತಾರೆ. ಆಳವಿಲ್ಲದ ಮಣ್ಣಿನ ತಟ್ಟೆಗೆ ಹಾಕಿ, ಚಮಚದ ಬೆನ್ನನ್ನು ಮಧ್ಯದಲ್ಲಿಟ್ಟು ತಟ್ಟೆಯನ್ನೇ ತಿರುಗಿಸುತ್ತಾರೆ. ಹಾಗೆ ಎದ್ದ ಬದುವಿನ ಒಳಗಿನ ಕಾಲುವೆಗೆ ಆಲಿವ್ ಎಣ್ಣೆ ಹರಿಸಿ, ನಾಲ್ಕು ಇಡೀ ಕಡಲೆಕಾಳು, ಚಿಟಿಕೆ ಜೀರಿಗೆ ಪುಡಿ ಉದುರಿಸುತ್ತಾರೆ. ಫ್ರಿಜ್ಜಿನಿಂದ ನೇರವಾಗಿ ಮೇಜಿಗೆ ಬಂದ ತಣ್ಣನೆಯ ಹಮ್ಮಸ್‌ನಲ್ಲಿ ಎಳ್ಳಿನ ಪರಿಮಳ ಅರ್ಧಕ್ಕರ್ಧ ಸತ್ತಿರುತ್ತದೆ.

ಈ ಪುಟ್ಟ ತಿನಿಸಿಗಾಗಿ ದೇಶಗಳ ನಡುವೆ ಜಗಳವೇ ನಡೆದಿದೆ. ಇಸ್ರೇಲ್ ಹಮ್ಮಸ್ ಅನ್ನು ತನ್ನ ರಾಷ್ಟ್ರೀಯ ತಿನಿಸೆಂಬಂತೆ ಜಗತ್ತಿಗೆ ಮಾರುತ್ತಿದೆ ಎಂಬ ಸಿಟ್ಟು ಲೆಬನಾನಿನ ಉದ್ಯಮಿಗಳಿಗಿತ್ತು. 2010ರ ಜನವರಿಯಲ್ಲಿ ಇಸ್ರೇಲಿನ ಅಬು ಗೋಷ್ ಎಂಬ ಅರಬ್ಬರ ಊರಿನಲ್ಲಿ 4,000 ಕಿಲೋಗೂ ಹೆಚ್ಚು ತೂಕದ ಹಮ್ಮಸ್ ಮಾಡಿ ಗಿನ್ನೆಸ್ ದಾಖಲೆ ಬರೆದರು. ಅದೇ ವರ್ಷ ಮೇ ತಿಂಗಳಿನಲ್ಲಿ ಲೆಬನಾನಿನ ಬಾಣಸಿಗರು 10,452 ಕಿಲೋ ಹಮ್ಮಸ್ ಮಾಡಿ ಆ ದಾಖಲೆಯನ್ನು ಮುರಿದರು. ಲೆಬನಾನಿನ ವಿಸ್ತೀರ್ಣ 10,452 ಚದರ ಕಿಲೋಮೀಟರ್; ತೂಕವನ್ನು ಆ ಅಂಕಿಗೆ ಸರಿಹೊಂದಿಸಿದ್ದರು. ಎಳ್ಳಿನ ಬೇಸಾಯ ಮೊದಲಾದದ್ದು ಭಾರತ ಉಪಖಂಡದಲ್ಲಿ ಎಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ, ಹಾಗಾಗಿ ನಾವೂ ಒಂದು ಕೈ ನೋಡಬಹುದಿತ್ತು.

ಬದನೆಕಾಯಿಯದು ಇನ್ನೂ ಸ್ಪಷ್ಟವಾದ ಪ್ರಯಾಣ. ಏಷ್ಯಾದ ಈ ಭಾಗದಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬ್ಬರ ಕೈಯಲ್ಲಿ ಮೆಡಿಟರೇನಿಯನ್ ದಂಡೆಗೆ, ಕೊನೆಗೆ ಸ್ಪೇನಿನವರೆಗೆ ಅದು ಹೋಯಿತು. ಮೆನುವಿನ ‘ಬಾಬಾ ಗನೂಶ್’ ಎಂಬುದು ಕೆಂಡದಲ್ಲಿ ಸುಟ್ಟು ಸಿಪ್ಪೆ ಸುಲಿದ ಬದನೆಕಾಯಿಯ ತಿರುಳು. ಅಮೆರಿಕದ ಹೋಟೆಲುಗಳಲ್ಲಿ ಅದಕ್ಕೆ ತಹೀನಿ, ನಿಂಬೆರಸ, ಬೆಳ್ಳುಳ್ಳಿ ಸೇರಿಸಿರುತ್ತಾರೆ. ಲೆಬನಾನಿನವರು ಇದನ್ನು ‘ಮುತಬ್ಬಲ್’ ಎನ್ನುತ್ತಾರೆ. ಅವರ ಬಾಬಾ ಗನೂಶ್‌ನಲ್ಲಿ ತಹೀನಿ ಇರದೆ ಟೊಮೆಟೊ, ಈರುಳ್ಳಿ, ದಾಳಿಂಬೆ ರಸವನ್ನು ಬತ್ತಿಸಿದ ಹುಳಿಸಿಹಿ ಪಾಕ ಇರುತ್ತದೆ. ಮೆನುವಿನಲ್ಲಿ ಎರಡೂ ಹೆಸರುಗಳು ಬೇರೆ ಬೇರೆಯಾಗಿ ಕಂಡರೆ ಅಡುಗೆಮನೆಯಲ್ಲಿ ಲೆಬನಾನಿನವರೋ ಸಿರಿಯಾದವರೋ ಇದ್ದಾರೆಂದು ಧೈರ್ಯವಾಗಿ ಊಹಿಸಬಹುದು. ಸುಟ್ಟ ಹೊಗೆಯ ವಾಸನೆ ಬರದಿದ್ದರೆ ಒವನ್‌ನಲ್ಲಿ ಬೇಯಿಸಿದ ಬದನೆಕಾಯಿ ಅದು, ಎರಡನೆಯ ಸಲ ತರಿಸುವ ಅಗತ್ಯವಿಲ್ಲ. ‘ಮುಹಮ್ಮರ’ ಕಂಡರೆ ಮಾತ್ರ ಬಿಡಬಾರದು. ಅಲೆಪ್ಪೊ ನಗರಕ್ಕೆ ಹೆಸರು ತಂದ ಈ ಕೆಂಪು ಚಟ್ನಿಯಲ್ಲಿ ಸುಟ್ಟ ಕೆಂಪು ಮೆಣಸಿನಕಾಯಿ, ಆಕ್ರೋಟು, ರೊಟ್ಟಿಪುಡಿ ಮತ್ತು ಅದೇ ದಾಳಿಂಬೆ ಪಾಕ ಇರುತ್ತವೆ. ಖಾರ ಬಯಸುವ ನಮ್ಮ ನಾಲಿಗೆಗೆ ಇಡೀ ಮೆನುವಿನಲ್ಲಿ ತಕ್ಷಣ ಹಿಡಿಸುವ ತಿನಿಸು ಇದೊಂದೇ ಎಂದರೂ ತಪ್ಪಿಲ್ಲ.

ಖಾರ ಕಡಿಮೆ ಇರುವ ಈ ಅಡುಗೆ ಸಪ್ಪೆಯಾಗದಂತೆ ಕಾಯುವುದು ಹುಳಿ. ಆ ಹುಳಿ ನಾಲ್ಕು ದಾರಿಯಲ್ಲಿ ಬರುತ್ತದೆ: ನಿಂಬೆ, ಮೊಸರು, ದಾಳಿಂಬೆ ಪಾಕ ಮತ್ತು ಸುಮಾಕ್. ಕೊನೆಯದು ನಮಗೆ ಅಪರಿಚಿತ. ಮೆಡಿಟರೇನಿಯನ್ ಬೆಟ್ಟಗಳಲ್ಲಿ ಬೆಳೆಯುವ ಪೊದೆಯೊಂದರ ಕೆಂಪು ಕಾಯಿಗಳನ್ನು ಒಣಗಿಸಿ ತರಿತರಿಯಾಗಿ ಪುಡಿ ಮಾಡಿರುತ್ತಾರೆ. ಹುಳಿಯ ಜೊತೆಗೆ ಸಣ್ಣ ಒಗರೂ ಇರುವ ಆ ಪುಡಿಯನ್ನು ಹಸಿ ಈರುಳ್ಳಿಯ ಮೇಲೆ ಉದುರಿಸಿದರೆ ಈರುಳ್ಳಿಯ ಘಾಟು ತಗ್ಗುತ್ತದೆ. ‘ಫತ್ತೂಶ್’ ಎಂಬ ಸಲಾಡ್‌ನ ಜೀವವೇ ಸುಮಾಕ್. ಹಳೆಯ ರೊಟ್ಟಿಯನ್ನು ಕರಿದು ಅಥವಾ ಸುಟ್ಟು ಮುರಿದು, ಸೌತೆ, ಟೊಮೆಟೊ, ಮೂಲಂಗಿಯ ಜೊತೆ ಕಲಸುವ ಇದಕ್ಕೆ ಅಲ್ಲಿನ ಹಳ್ಳಿಗಳಲ್ಲಿ ಹೊಲದ ಬದುವಿನ ಸೊಪ್ಪೊಂದನ್ನು ಸೇರಿಸುತ್ತಾರೆ. ನಮ್ಮಲ್ಲಿ ದೊಡ್ಡಗೋಣಿ ಸೊಪ್ಪು ಎಂದು ಕರೆಯುವ, ದಪ್ಪ ಎಲೆಯ, ಸ್ವಲ್ಪ ಹುಳಿಯಾದ ಸೊಪ್ಪೇ ಅದು.

‘ತಬ್ಬೂಲೆ’ ವಿಷಯದಲ್ಲಿ ಅಮೆರಿಕದ ಹೋಟೆಲುಗಳು ಹೆಚ್ಚು ಕೈಕೊಡುತ್ತವೆ. ಲೆಬನಾನಿನವರ ಪ್ರಕಾರ ಇದು ಪಾರ್ಸ್ಲಿ ಸೊಪ್ಪಿನ ಸಲಾಡ್. ಚೂಪಾದ ಚಾಕುವಿನಿಂದ ಸಣ್ಣಗೆ ಹೆಚ್ಚಿದ ಸೊಪ್ಪಿನ ನಡುವೆ ಬಲ್ಗರ್ ಗೋಧಿ ಅಲ್ಲೊಂದು ಇಲ್ಲೊಂದು ಕಾಣಬೇಕು. ಸೊಪ್ಪು ಸೋಸಿ, ತೊಳೆದು, ಪೂರ್ತಿ ಒಣಗಿಸಿ, ಕೈಯಲ್ಲಿ ಹೆಚ್ಚುವುದು ಹೊತ್ತು ಹಿಡಿಯುವ ಕೆಲಸ. ಗೋಧಿ ಅಗ್ಗ ಮತ್ತು ಸುಲಭ. ಆದ್ದರಿಂದ ಕೈ ಬಿಗಿ ಹಿಡಿದ ಹೋಟೆಲಿನ ತಬ್ಬೂಲೆ ಕಂದು ಬಣ್ಣಕ್ಕಿರುತ್ತದೆ, ಮಿಕ್ಸಿಯಲ್ಲಿ ಹೊಡೆದ ಸೊಪ್ಪು ನೀರು ಬಿಟ್ಟು ತಟ್ಟೆಯ ತಳದಲ್ಲಿ ಹಸಿರು ಮಡುಗಟ್ಟಿರುತ್ತದೆ. ಬಲ್ಗರ್ ಎಂಬುದು ನಮ್ಮ ಅಂಗಡಿಗಳಲ್ಲಿ ಸಿಗುವ ಗೋಧಿ ನುಚ್ಚಲ್ಲ ಎಂಬುದನ್ನು ಮನೆಯಲ್ಲಿ ಮಾಡಬಯಸುವವರು ನೆನಪಿಡಬೇಕು. ಕರಾವಳಿಯ ಕುಸುಬಲಕ್ಕಿಯಂತೆ ಅದು ಮೊದಲೇ ಬೇಯಿಸಿ, ಒಣಗಿಸಿ, ಆಮೇಲೆ ಒಡೆದ ಗೋಧಿ. ಅದರ ಸಣ್ಣ ತರಿಯು ನಿಂಬೆರಸದಲ್ಲಿ ನೆನೆದರೇ ಮೆದುವಾಗುತ್ತದೆ. ಹಸಿ ಗೋಧಿಯ ನುಚ್ಚು ಎಷ್ಟು ನೆನೆಸಿದರೂ ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ.

ಫಲಾಫೆಲ್ ಬಗ್ಗೆ ಒಂದೇ ಮಾತು ಸಾಕು. ಈಜಿಪ್ಟಿನಲ್ಲಿ ಇದನ್ನು ಸಿಪ್ಪೆ ತೆಗೆದ ಫಾವಾ ಬೀನ್ಸ್‌ನಿಂದಲೂ ಲೆವಾಂಟಿನಲ್ಲಿ ಕಡಲೆಯಿಂದಲೂ ಮಾಡುತ್ತಾರೆ. ಎರಡರಲ್ಲಿಯೂ ಕಾಳನ್ನು ನೆನೆಸಿ ಹಸಿಯಾಗಿಯೇ ರುಬ್ಬಬೇಕು, ಬೇಯಿಸುವಂತಿಲ್ಲ. ಬಿಸಿ ಎಣ್ಣೆಯಲ್ಲಿ ಪಿಷ್ಟ ಬೆಂದು ಉಂಡೆಯನ್ನು ಹಿಡಿದಿಡುತ್ತದೆ. ಮುರಿದಾಗ ಒಳಗೆ ಕೊತ್ತಂಬರಿ ಮತ್ತು ಪಾರ್ಸ್ಲಿಯ ಹಸಿರು ಕಾಣದೆ ಬರೀ ಹಳದಿ ಹಿಟ್ಟು ಕಂಡರೆ ಪ್ಯಾಕೆಟ್ ಪುಡಿಯಿಂದ ಮಾಡಿದ್ದೆಂಬ ಅನುಮಾನ ಪಡಬಹುದು.

ಇಷ್ಟಕ್ಕೆಲ್ಲ ಆಧಾರ ರೊಟ್ಟಿ. ಹೊಟ್ಟೆ ಬಿರಿದು ಎರಡು ಪದರವಾಗುವ ಪೀಟಾ ರೊಟ್ಟಿ ಅರಬ್ಬರದು. ತೆಳ್ಳಗೆ ಲಟ್ಟಿಸಿದ ಹಿಟ್ಟು ತುಂಬಾ ಕಾದ ಒಲೆಯ ನೆಲಕ್ಕೆ ತಾಗಿದಾಗ ಎರಡೂ ಮೈ ಮೊದಲು ಗಟ್ಟಿಯಾಗಿ, ಒಳಗಿನ ನೀರು ಆವಿಯಾಗಿ ಹೊರಬರಲಾರದೆ ರೊಟ್ಟಿಯನ್ನು ಚೆಂಡಿನಂತೆ ಉಬ್ಬಿಸುತ್ತದೆ. ಗ್ರೀಕರ ಪೀಟಾ ದಪ್ಪವಾಗಿ, ಜೇಬಿಲ್ಲದೆ, ಎಣ್ಣೆ ಸವರಿ ಕಾವಲಿಯ ಮೇಲೆ ಬೇಯಿಸಿದ್ದು. ತುರ್ಕರ ಪೀದೆ ದೋಣಿಯಾಕಾರದ್ದು, ಮೇಲೆ ಚೀಸ್ ಅಥವಾ ಮಾಂಸ ಹರಡಿರುತ್ತದೆ. ಹೋಟೆಲು ರೊಟ್ಟಿಯನ್ನು ತಾನೇ ಸುಡುತ್ತದೆಯೋ ಪ್ಲಾಸ್ಟಿಕ್ ಚೀಲದಿಂದ ತೆಗೆದು ಬಿಸಿ ಮಾಡುತ್ತದೆಯೋ ಎಂಬುದೊಂದನ್ನು ವಿಚಾರಿಸಿದರೆ ಸಾಕು, ಉಳಿದ ಅಡುಗೆಯ ಮಟ್ಟ ತಿಳಿಯುತ್ತದೆ.

ಗಾಜಿನ ಕಿಟಕಿಯಿಂದಲೇ ಕಾಣುವಂತೆ ನಿಲ್ಲಿಸಿದ ಕಂಬಿಯ ಮೇಲೆ ತಿರುಗುವ ಮಾಂಸದ ಗೋಪುರವನ್ನು ಕುರಿತು ಗೊಂದಲ ಹೆಚ್ಚು. ಡೋನರ್, ಶವರ್ಮಾ, ಯೀರೋ ಮೂರೂ ಒಂದೇ ಉಪಾಯದ ಕವಲುಗಳು. ಮಾಂಸವನ್ನು ಅಡ್ಡ ಕಂಬಿಗೆ ಬದಲು ನೆಟ್ಟಗಿನ ಕಂಬಿಗೆ ಪೋಣಿಸುವ ಕ್ರಮ 19ನೇ ಶತಮಾನದ ಆಟೊಮನ್ ಟರ್ಕಿಯಲ್ಲಿ ರೂಢಿಗೆ ಬಂದಿತು. ಇದರಿಂದ ಕೊಬ್ಬು ಬೆಂಕಿಗೆ ತೊಟ್ಟಿಕ್ಕಿ ಹೊಗೆಯಾಗುವ ಬದಲು ಮಾಂಸದ ಮೈಮೇಲೆಯೇ ಇಳಿದು ಅದನ್ನು ನೆನೆಸುತ್ತದೆ. ಹೊರಮೈ ಬೆಂದಂತೆ ತೆಳ್ಳಗೆ ಹೆರೆದು ತೆಗೆಯುತ್ತಾರೆ, ಒಳಗಿನ ಪದರ ಬೆಂಕಿಗೆ ಮೈಯೊಡ್ಡುತ್ತದೆ. ಊಟದ ಹೊತ್ತಿನ ನೂಕುನುಗ್ಗಲಿನಲ್ಲಿ ಕತ್ತರಿಸುವವನು ಅವಸರಪಟ್ಟು ಕತ್ತಿಯನ್ನು ಆಳಕ್ಕೆ ಇಳಿಸಿದರೆ ಅರ್ಧ ಬೆಂದ ಮಾಂಸ ತಟ್ಟೆಗೆ ಬೀಳುತ್ತದೆ. ಒಳ್ಳೆಯ ಹೋಟೆಲಿನವರು ಹೆರೆದ ಮಾಂಸವನ್ನು ಕಾವಲಿಯ ಮೇಲೆ ಇನ್ನೊಮ್ಮೆ ಬಾಡಿಸಿ ಕೊಡುವುದು ಈ ಎಚ್ಚರಿಕೆಗಾಗಿ. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗಿ ಬಂದವರ ಮೂಲಕ ಶವರ್ಮಾ ಕೇರಳಕ್ಕೂ ನಮ್ಮ ಕರಾವಳಿಗೂ ಬಂದಾಗ ಕಂಬಿಯ ಜೊತೆ ಈ ಶಿಸ್ತು ಎಲ್ಲ ಕಡೆಗೂ ಬರಲಿಲ್ಲ. ಅರಬ್ಬರು ಅದಕ್ಕೆ ಹಚ್ಚುವ ‘ತೂಮ್’ ಎಂಬುದು ಬೆಳ್ಳುಳ್ಳಿ, ಎಣ್ಣೆ, ನಿಂಬೆರಸ ಮತ್ತು ಉಪ್ಪನ್ನು ಕಡೆದು ಮಾಡುವ, ಮೊಟ್ಟೆಯಿಲ್ಲದ ಬಿಳಿ ಚಟ್ನಿ. ಅದರ ಜಾಗಕ್ಕೆ ಇಲ್ಲಿ ಹಸಿ ಮೊಟ್ಟೆಯ ಮೇಯನೇಸ್ ಬಂದು ಕುಳಿತಿತು. ಆಹಾರ ವಿಷವಾದ ಪ್ರಕರಣಗಳ ನಂತರ ಕೇರಳ, ತೆಲಂಗಾಣ, ತಮಿಳುನಾಡು ಸರಕಾರಗಳು ಆ ಮೇಯನೇಸ್ ಮೇಲೆ ನಿಷೇಧ ಹೇರಬೇಕಾಯಿತು.

ಅಮೆರಿಕದಲ್ಲಿರುವ ನಮ್ಮವರಿಗೆ ಯೀರೋ ವಿಷಯದಲ್ಲಿ ಬೇರೆಯೇ ಎಚ್ಚರ ಬೇಕು. ಗ್ರೀಸಿನಲ್ಲಿ ಅದು ಸಾಮಾನ್ಯವಾಗಿ ಹಂದಿ ಅಥವಾ ಕೋಳಿಯ ಮಾಂಸದ ಪದರಗಳದು. ಅಮೆರಿಕದಲ್ಲಿ 1970ರ ದಶಕದಲ್ಲಿ ಶಿಕಾಗೋದ ಕಾರ್ಖಾನೆಗಳು ದನದ ಮತ್ತು ಕುರಿಯ ಮಾಂಸವನ್ನು ಅರೆದು, ಮಸಾಲೆ ಬೆರೆಸಿ, ಅಚ್ಚಿನಲ್ಲಿ ಒತ್ತಿದ ಗೋಪುರಗಳನ್ನು ತಯಾರಿಸಿ ದೇಶದ ಎಲ್ಲೆಡೆಗೆ ಕಳಿಸತೊಡಗಿದವು. ಮೆನುವಿನಲ್ಲಿ ‘ಲ್ಯಾಂಬ್ ಯೀರೋ’ ಎಂದಿದ್ದರೂ ಅದರಲ್ಲಿ ದನದ ಮಾಂಸ ಇರುವ ಸಂಭವವೇ ಹೆಚ್ಚು; ತಿನ್ನದವರು ಕೇಳಿಯೇ ತರಿಸಬೇಕು. ಮೈಮೇಲೆ ಪದರಗಳ ಗೆರೆ ಕಾಣದೆ ನುಣುಪಾಗಿರುವ ಗೋಪುರ ಅರೆದ ಮಾಂಸದ್ದು.

ಸಸ್ಯಾಹಾರಿಗಳು ಮೆಝೆಯ ಪುಟವನ್ನು ದಾಟದಿದ್ದರೆ ಹೆಚ್ಚಿನ ತೊಂದರೆಯಿಲ್ಲ. ಈ ಅಡುಗೆಯಲ್ಲಿ ಮಾಂಸವಿಲ್ಲದ ತಿನಿಸು ಇಷ್ಟೊಂದಿರುವುದಕ್ಕೆ ಬಡತನ ಒಂದು ಕಾರಣವಾದರೆ, ಅಲ್ಲಿನ ಪುರಾತನ ಕ್ರೈಸ್ತ ಪಂಥಗಳ ವ್ರತ ಇನ್ನೊಂದು ಕಾರಣ. ಈಸ್ಟರ್‌ಗೆ ಮುಂಚಿನ ವಾರಗಳಲ್ಲಿಯೂ ವರ್ಷದ ಇನ್ನೂ ಹಲವು ದಿನಗಳಲ್ಲಿಯೂ ಮಾಂಸ, ಹಾಲು, ಮೊಟ್ಟೆ ಬಿಡುವ ಕಟ್ಟಳೆ ಇದ್ದುದರಿಂದ ಆಲಿವ್ ಎಣ್ಣೆಯಲ್ಲಿ ಬೇಯಿಸಿದ ತರಕಾರಿ ಮತ್ತು ಕಾಳಿನ ದೊಡ್ಡ ಸಂಪ್ರದಾಯವೇ ಬೆಳೆಯಿತು. ಆದರೂ ಕೆಲವು ಕಡೆ ಕಾಲು ಜಾರುತ್ತದೆ. ಬೇಳೆಯ ಸೂಪ್ ನೋಡುವುದಕ್ಕೆ ಸಸ್ಯಾಹಾರವಾದರೂ ಅದಕ್ಕೆ ಕೋಳಿಯ ಸಾರು ಹಾಕಿರಬಹುದು. ಶಾವಿಗೆಯನ್ನು ಹುರಿದು ಅಕ್ಕಿಯ ಜೊತೆ ಬೇಯಿಸುವ ಅನ್ನಕ್ಕೂ ಅದೇ ಸಾರು ಬೀಳುವುದುಂಟು. ದ್ರಾಕ್ಷಿ ಎಲೆಯ ಸುರುಳಿ ಬಿಸಿಯಾಗಿ ಬಂದರೆ ಒಳಗೆ ಮಾಂಸವಿರುವ ಸಂಭವ, ತಣ್ಣಗೆ ಎಣ್ಣೆ ಹಚ್ಚಿಕೊಂಡು ಬಂದರೆ ಬರೀ ಅನ್ನ. ಆದರೂ ಕೇಳುವುದು ಕ್ಷೇಮ. ಫಲಾಫೆಲ್ ಕರಿಯುವ ಬಾಣಲೆಯಲ್ಲಿಯೇ ಚಿಕನ್ ಕರಿಯುತ್ತಾರೆಯೇ ಎಂಬುದನ್ನೂ ಮುಲಾಜಿಲ್ಲದೆ ವಿಚಾರಿಸಬಹುದು. ಅನ್ನ, ಮಸೂರ ಮತ್ತು ಕೆಂಪಗೆ ಹುರಿದ ಈರುಳ್ಳಿಯ ‘ಮುಜದ್ದರ’ ಸಿಕ್ಕರೆ ಮೊಸರಿನ ಜೊತೆ ಅದೇ ಒಂದು ಹೊತ್ತಿನ ಊಟ.

ಚೀಸ್‌ನಲ್ಲಿಯೂ ಒಂದು ಸೂಕ್ಷ್ಮವಿದೆ. ಹಾಲು ಒಡೆಯಲು ಬಳಸುವ ರೆನೆಟ್ ಸಾಂಪ್ರದಾಯಿಕವಾಗಿ ಎಳೆಗರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ಬರುವುದು. ಅಮೆರಿಕದಲ್ಲಿ ತಯಾರಾಗುವ ಬಹಳಷ್ಟು ಚೀಸ್‌ಗೆ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸುತ್ತಾರೆ, ಯುರೋಪಿನಿಂದ ಬಂದದ್ದರ ಬಗ್ಗೆ ಹಾಗೆ ಹೇಳಲಾಗದು. ಐರೋಪ್ಯ ಒಕ್ಕೂಟದಲ್ಲಿ ‘ಫೆಟಾ’ ಎಂಬ ಹೆಸರು 2002ರಿಂದ ಗ್ರೀಸಿಗೆ ಮೀಸಲು, ಅದರಲ್ಲಿ ಕನಿಷ್ಠ ಶೇಕಡ 70ರಷ್ಟು ಕುರಿಯ ಹಾಲಿರಬೇಕು, ಉಳಿದದ್ದು ಮೇಕೆಯದು. ಅಮೆರಿಕದಲ್ಲಿ ಆ ಕಟ್ಟುಪಾಡಿಲ್ಲದ್ದರಿಂದ ಹಸುವಿನ ಹಾಲಿನ ಸಪ್ಪೆ ಫೆಟಾ ಧಾರಾಳವಾಗಿ ಓಡುತ್ತದೆ. ಸೈಪ್ರಸ್ಸಿನ ಹಲ್ಲೂಮಿ ಕಾವಲಿಯ ಮೇಲೆ ಕರಗದೆ ಕೆಂಪಗಾಗುವುದಕ್ಕೆ ಕಾರಣ, ಒಡೆದ ಹಾಲಿನ ಗಟ್ಟಿಯನ್ನು ಅದರದೇ ನೀರಿನಲ್ಲಿ ಮತ್ತೊಮ್ಮೆ ಕುದಿಯುವಷ್ಟು ಬಿಸಿ ಮಾಡಿರುವುದು. ಎಳ್ಳಿನ ಅಲರ್ಜಿ ಇರುವವರಿಗೆ ಮಾತ್ರ ಈ ಹೋಟೆಲು ಅಪಾಯದ ಜಾಗ. ಅಮೆರಿಕದ ಕಾನೂನು 2023ರ ಜನವರಿ 1ರಿಂದ ಎಳ್ಳನ್ನು ಒಂಬತ್ತನೆಯ ಪ್ರಮುಖ ಅಲರ್ಜಿ ಪದಾರ್ಥವೆಂದು ಪೊಟ್ಟಣದ ಲೇಬಲ್ ಮೇಲೆ ನಮೂದಿಸಲು ಹೇಳುತ್ತದೆ, ಆದರೆ ಹೋಟೆಲಿನ ತಟ್ಟೆಗೆ ಲೇಬಲ್ ಇರುವುದಿಲ್ಲ.

ಕೊನೆಯಲ್ಲಿ ಬರುವ ಬಕ್ಲಾವಾವನ್ನು ನೋಡಿ ಅಡುಗೆಯವರ ಊರನ್ನು ಹೇಳಬಹುದು. ಪಿಸ್ತಾ ತುಂಬಿ ಹಸಿರಾಗಿದ್ದರೆ ಟರ್ಕಿಯ ಗಾಝಿಯಾನ್‌ತೆಪ್ ಕಡೆಯ ಅಥವಾ ಅಲೆಪ್ಪೊದ ಕೈ. ಆಕ್ರೋಟು, ಜೇನು, ಚಕ್ಕೆಯ ವಾಸನೆ ಇದ್ದರೆ ಗ್ರೀಸ್. ಪಾಕದಲ್ಲಿ ಕಿತ್ತಳೆ ಹೂವಿನ ನೀರಿದ್ದರೆ ಲೆಬನಾನ್. ಪದರ ಗರಿಗರಿಯಾಗಿ ಉಳಿಯಬೇಕಾದರೆ ಒಲೆಯಿಂದ ಇಳಿಸಿದ ಬಿಸಿ ಬಕ್ಲಾವಾಕ್ಕೆ ಆರಿದ ಪಾಕವನ್ನೋ ಆರಿದ ಬಕ್ಲಾವಾಕ್ಕೆ ಬಿಸಿ ಪಾಕವನ್ನೋ ಸುರಿಯಬೇಕು. ಎರಡೂ ಬಿಸಿಯಾಗಿದ್ದರೆ ಮೆತ್ತಗಾಗುತ್ತದೆ. ಮೇಜಿಗೆ ಬಂದಾಗಲೇ ಮೆತ್ತಗಿದ್ದರೆ ಹಿಂದಿನ ದಿನಗಳದ್ದೂ ಇರಬಹುದು.

ಕಾಫಿಯ ಹೆಸರೂ ಇಂಥದೇ ಸುಳಿವು. ಹಿಟ್ಟಿನಷ್ಟು ನುಣ್ಣಗೆ ಬೀಸಿದ ಪುಡಿಯನ್ನು ಪುಟ್ಟ ತಾಮ್ರದ ಪಾತ್ರೆಯಲ್ಲಿ ನೊರೆ ಬರುವವರೆಗೆ ಕಾಯಿಸಿ ಸೋಸದೆ ಬಗ್ಗಿಸುವ ಈ ಕಾಫಿಯನ್ನು ತುರ್ಕರು ಟರ್ಕಿಶ್ ಕಾಫಿ ಎನ್ನುತ್ತಾರೆ. ಗ್ರೀಸಿನಲ್ಲಿಯೂ ಮೊದಲು ಹಾಗೆಯೇ ಕರೆಯುತ್ತಿದ್ದರು. 1974ರಲ್ಲಿ ಟರ್ಕಿಯ ಸೇನೆ ಸೈಪ್ರಸ್ಸಿಗೆ ನುಗ್ಗಿದ ಮೇಲೆ ಅದೇ ಕಾಫಿ ಗ್ರೀಕ್ ಕಾಫಿಯೆಂದು ನೆಲೆ ನಿಂತಿತು. ಏಲಕ್ಕಿಯ ಪರಿಮಳವಿದ್ದರೆ ಮಾಡಿದವರು ಹೆಚ್ಚಾಗಿ ಅರಬ್ಬರು. ಸಕ್ಕರೆಯನ್ನು ಕಾಯಿಸುವಾಗಲೇ ಹಾಕುವುದರಿಂದ ಎಷ್ಟು ಬೇಕೆಂದು ತರಿಸುವಾಗಲೇ ಹೇಳಬೇಕು. ಬಂದ ಮೇಲೆ ಸಕ್ಕರೆ ಹಾಕಿ ಕಲಕಿದರೆ ತಳದಲ್ಲಿ ಕುಳಿತ ಗಷ್ಟೆಲ್ಲ ಮೇಲೆದ್ದು ಬಾಯಿಗೆ ಬರುತ್ತದೆ.